ತಲೆಗೊಂದು ಕೋಟು

ನಮ್ಮೂರಿಂದ ಆಚೆ ಊರಿಗೆ ವಿಮಾನದಲ್ಲಿ ಎಷ್ಟು ದೂರ ಎಂದು ಹೊಸಬರು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ವಿಮಾನ ಹಾರಿಸುವವನು ನಾನೇ ಆದ್ದರಿಂದ ಎಲ್ಲರೂ ಕೇಳುವುದು ನನ್ನನ್ನೇ. ಎರಡೂ ಊರು ಉತ್ತರದ ತುದಿಯಲ್ಲಿವೆ. ನಕ್ಷೆ ಅಚ್ಚು ಹಾಕುವವನು ಕಾಗದವನ್ನು ಸ್ವಲ್ಪ ಕೆಳಗೆ ಕತ್ತರಿಸಿದರೆ ಎರಡೂ ಮಾಯ. ನಕ್ಷೆಯಲ್ಲಿ ನಡುವೆ ಇರುವುದು ಒಂದು ಬೆರಳಿನಷ್ಟು ಜಾಗ, ಆದರೆ ಆ ಬೆರಳಿನ ಕೆಳಗೆ ವರ್ಷವಿಡೀ ಹಿಮ ಹೊದ್ದ ಬೆಟ್ಟಸಾಲಿದೆ. ರಸ್ತೆಯಲ್ಲಿ ಹೊರಟರೆ ಬೆಟ್ಟ ಬಳಸಿ, ಕೊಲ್ಲಿ ಬಳಸಿ, ಎರಡು ದಿನ. ಅದೂ ಹಿಮ ಕರಗಿದ ತಿಂಗಳುಗಳಲ್ಲಿ ಮಾತ್ರ. ವಿಮಾನದಲ್ಲಿ ಗಾಳಿ ಬೆನ್ನಿಗಿದ್ದರೆ ಮುಕ್ಕಾಲು ಗಂಟೆ, ಎದುರಿಗಿದ್ದರೆ ಒಂದೂಕಾಲು. ಊರು ಇದ್ದಲ್ಲೇ ಇರುತ್ತದೆ, ದೂರ ಮಾತ್ರ ದಿನಕ್ಕೊಂದು. ಹೀಗೆಂದರೆ ಹೊಸಬರು ನಾನು ಗೇಲಿ ಮಾಡುತ್ತಿದ್ದೇನೆ ಎಂದುಕೊಂಡು ಮುಖ ದಪ್ಪ ಮಾಡುತ್ತಾರೆ.

ನನ್ನ ಈ ಲೆಕ್ಕವೂ ಪೂರ್ತಿಯಲ್ಲ ಎಂದು ತೋರಿಸಿಕೊಟ್ಟವಳು ಊರಿಗೆಲ್ಲ ಅಕ್ಕನಾದ ತೂಕದಕ್ಕ. ಅವಳಿಗೆ ಆಚೆ ಊರು ಇಪ್ಪತ್ತು ಚಿಲ್ಲರೆ ವರ್ಷ ದೂರವಿತ್ತು.

ನಮ್ಮದು ವಿಮಾನ ನಿಲ್ದಾಣ ಅಂದರೆ ದೊಡ್ಡ ಮಾತಾಯಿತು. ತಗಡಿನ ಸೂರಿನ ಒಂದೇ ಕೋಣೆ, ನಡುವೆ ಕಟ್ಟಿಗೆಯ ಒಲೆ, ಗೋಡೆಗೆ ಒರಗಿಸಿದ ಎರಡು ಬೆಂಚು, ಕಿಟಕಿಯ ಹೊರಗೆ ವಿಮಾನ ಓಡಿ ಮೇಲೇಳುವ ಓಡುದಾರಿ. ಕೋಣೆಯ ಮೂಲೆಯಲ್ಲಿ ಆಳೆತ್ತರದ ತೂಕದ ಯಂತ್ರ. ಅದು ಮುಚ್ಚಿಹೋದ ಹಿಟ್ಟಿನ ಗಿರಣಿಯಿಂದ ತಂದದ್ದು. ನಮ್ಮ ವಿಮಾನ ಚಿಕ್ಕದು, ಒಂಬತ್ತು ಸೀಟು. ಅಷ್ಟು ಚಿಕ್ಕ ವಿಮಾನದಲ್ಲಿ ಪೆಟ್ಟಿಗೆಯನ್ನಷ್ಟೇ ಅಲ್ಲ, ಮನುಷ್ಯರನ್ನೂ ತೂಗಿಯೇ ಹತ್ತಿಸಬೇಕು. ಕೋಟು, ಟೋಪಿ, ಬೂಟು ಸಮೇತ ಪ್ರತಿಯೊಬ್ಬರೂ ಆ ಯಂತ್ರದ ಮೇಲೆ ನಿಲ್ಲಬೇಕು. ನಿಂತವರ ತೂಕ ನೋಡುವುದು, ಕೂಡಿಸುವುದು, ಭಾರದವರನ್ನು ಮುಂದೆ, ಹಗುರದವರನ್ನು ಹಿಂದೆ ಕೂರಿಸುವುದು, ಒಟ್ಟು ಮೊತ್ತವನ್ನು ನನ್ನ ಕಿವಿಯಲ್ಲಿ ಹೇಳುವುದು, ಇದು ಅಕ್ಕನ ಕೆಲಸ.

ಕಿವಿಯಲ್ಲಿ ಏಕೆ ಎಂದರೆ, ಅಕ್ಕ ಯಾರ ತೂಕವನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಯಂತ್ರದ ಮುಳ್ಳು ತನಗೊಬ್ಬಳಿಗೇ ಕಾಣುವಂತೆ ಅದನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದಳು. ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಕೂಡಿಸಿ, ತಕ್ಷಣ ತೋಳಿನಿಂದ ಒರೆಸಿಬಿಡುತ್ತಿದ್ದಳು. ಅವಳ ಬಲತೋಳು ಸದಾ ಬೆಳ್ಳಗೆ. ಊರಿನಲ್ಲಿ ಯಾರು ಬಸುರಿ ಎಂಬುದು ಗಂಡನಿಗಿಂತ ಮೊದಲು ಅಕ್ಕನಿಗೆ ತಿಳಿಯುತ್ತಿತ್ತು, ಆದರೆ ಬಾಯಿಗೆ ಬೀಗ. ಶಾಲೆಯ ಮೇಷ್ಟ್ರು ಒಮ್ಮೆ ಮಾತ್ರ ಕಾಡಿ ಬೇಡಿ ತಮ್ಮ ತೂಕ ಹೇಳಿಸಿಕೊಂಡು, ಕೇಳಿದ್ದಕ್ಕೆ ಒಂದು ವಾರ ಮಂಕಾಗಿ ಓಡಾಡಿದ್ದರು.

ಅಕ್ಕ ಹುಡುಗಿಯಾಗಿದ್ದಾಗ ಮೀನಿನ ಕೊಟ್ಟಿಗೆಯಲ್ಲಿ ಮೀನು ತೂಗುತ್ತಿದ್ದಳು. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರು, ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳಿಗಿಂತ ಹತ್ತು ವರ್ಷ ಚಿಕ್ಕ ತಂಗಿ. ತಂಗಿಯ ಜಡೆ ಹೆಣೆದು, ಶಾಲೆಗೆ ಅಟ್ಟಿ, ತಾನು ಮಂಜುಗಡ್ಡೆಯ ನಡುವೆ ನಿಂತು ದುಡಿದಳು. ಆಮೇಲೆ ವಿಮಾನ ಬಂತು. ತೂಗಲು ಜನ ಬೇಕೆಂದಾಗ ಅಕ್ಕ ಹೋಗಿ, "ಮೀನು ಅಲುಗಾಡ್ತಾ ಇದ್ರೂ ತೂಗಿದೀನಿ, ಮನುಷ್ಯರು ನೆಟ್ಟಗೆ ನಿಲ್ತಾರೆ ತಾನೆ?" ಎಂದಳಂತೆ. ಕೆಲಸ ಸಿಕ್ಕಿತು. ಓಡುದಾರಿಯ ಹಿಮ ಬಳಿದು ತೆಗೆಯುವ ಬಂಡಿಯವನು ಅವಳನ್ನು ಮದುವೆಯಾದ. ಊರಿಗೆಲ್ಲ ಅವನು ಭಾವ. ದಿನಕ್ಕೆ ಎಂಟು ಮಾತು ಆಡಿದರೆ ಅಂದು ಭಾವ ವಾಚಾಳಿ.

ತಂಗಿ ಓದಿ ದರ್ಜಿಯಾದಳು, ಆಚೆ ಊರಿನಲ್ಲಿ ಅಂಗಡಿ ಇಟ್ಟಳು. ಅಕ್ಕ ತೂಗಿ ಕಳಿಸಿದ ಮೊದಮೊದಲ ಪ್ರಯಾಣಿಕರಲ್ಲಿ ಅವಳೂ ಒಬ್ಬಳು. ತಂಗಿ ವರ್ಷಕ್ಕೆರಡು ಸಲ ಬಂದು ಹೋಗುತ್ತಾಳೆ. ಅಕ್ಕ ಒಮ್ಮೆಯೂ ಹೋಗಿರಲಿಲ್ಲ.

ಹೋಗಲು ಇಷ್ಟವಿಲ್ಲದೆ ಅಲ್ಲ. ಕೆಲಸದವಳಾದ್ದರಿಂದ ಅವಳಿಗೆ ಪ್ರಯಾಣ ಪುಕ್ಕಟೆ. ಆದರೆ ಪುಕ್ಕಟೆ ಪ್ರಯಾಣಕ್ಕೆ ಒಂದು ನಿಯಮವಿದೆ: ತೂಕ ಹೆಚ್ಚಾದರೆ ಮೊದಲು ಇಳಿಯಬೇಕಾದವರು ಕೆಲಸದವರು. ಅಕ್ಕ ಚೀಲ ಕಟ್ಟಿಕೊಂಡು ಹೊರಟ ದಿನವೇ ಯಾರಾದರೂ ವಕ್ಕರಿಸುತ್ತಿದ್ದರು. ಒಮ್ಮೆ ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡ ಬಡಗಿ. ಒಮ್ಮೆ ಔಷಧದ ಪೆಟ್ಟಿಗೆಗಳು. ಒಮ್ಮೆ ಆಚೆ ಊರಿನ ಯಾರೋ ತರಿಸಿಕೊಂಡ ಕೋಳಿಗಳು, ಎರಡು ಪಂಜರ ತುಂಬ. ಆ ದಿನ ನನಗೆ ರೇಗಿಹೋಯಿತು. ಕೋಳಿಗಳು ಆಚೆ ಊರು ನೋಡಿದವು, ಅಕ್ಕ ನೋಡಲಿಲ್ಲ. ಅವಳೋ ಹಲಗೆ ಒರೆಸಿ, "ಬಿಡೋ, ಅವು ಹಸಿದಿವೆ, ಬೇಗ ಹೊರಡು" ಎಂದಳು.

ಹೀಗಿರುವಾಗ, ಐವತ್ತರ ಹತ್ತಿರ ಬಂದ ತಂಗಿ ಮದುವೆಯಾಗುತ್ತೇನೆಂದಳು. ಗಂಡು ಆಚೆ ಊರಿನ ಕ್ಷೌರಿಕ. ತಂಗಿಯ ಅಂಗಡಿಯ ಗೋಡೆಗೆ ಅವನ ಅಂಗಡಿಯ ಗೋಡೆ. ಹತ್ತು ವರ್ಷದಿಂದ ಕತ್ತರಿ ಸಾಣೆ ಹಿಡಿಸುವ ನೆಪದಲ್ಲಿ ಒಬ್ಬರ ಅಂಗಡಿಗೆ ಒಬ್ಬರು ಹೋಗಿ ಬಂದು, ಕೊನೆಗೆ ಊರಿನವರೇ ಬೇಸತ್ತು ಕೇಳಿದ ಮೇಲೆ ಒಪ್ಪಿಕೊಂಡರು. ಅಕ್ಕ ಈ ಸುದ್ದಿ ಕೇಳಿದ ದಿನ ಯಂತ್ರದ ಮೇಲೆ ನಿಂತವರಿಗೆಲ್ಲ ಮಿಠಾಯಿ ಕೊಟ್ಟಳು. ತೂಗುವ ಮೊದಲಲ್ಲ, ತೂಗಿದ ಮೇಲೆ.

ಮದುವೆಯ ದಿನ ಗೊತ್ತಾಯಿತು. ಅಕ್ಕ ಹೊರಟಳು. ಆ ಬೆಳಿಗ್ಗೆಯೇ ಹೆರಿಗೆ ನೋವಿನ ಹೆಣ್ಣುಮಗಳೊಬ್ಬಳು ಬಂದಳು, ಜೊತೆಗೆ ಅವಳ ತಾಯಿ. ಅಕ್ಕ ಇಳಿದಳು. ತಂಗಿ ಮದುವೆ ಮುಂದೂಡಿದಳು. ಎರಡನೇ ಸಲ ದಿನ ಗೊತ್ತಾಯಿತು, ಆಚೆ ಊರಿನ ಆಸ್ಪತ್ರೆಯ ಕೆಟ್ಟ ಬಾಯ್ಲರಿಗೆ ಕಬ್ಬಿಣದ ಭಾಗವೊಂದು ಅಂದೇ ಹೋಗಬೇಕಾಯಿತು. ಅಕ್ಕ ಮತ್ತೆ ಇಳಿದಳು. ಆ ಸಂಜೆ ತಂಗಿಯ ಫೋನು ಬಂದಾಗ ನಾನು ಒಲೆಯ ಪಕ್ಕದಲ್ಲೇ ಕೈ ಕಾಯಿಸುತ್ತ ಕೂತಿದ್ದೆ. ತಂಗಿಯ ದನಿ ಕೋಣೆಗೆಲ್ಲ ಕೇಳುವಷ್ಟು ಏರಿತ್ತು.

"ಅಕ್ಕಾ, ನೀನೇ ನನಗೆ ಅಮ್ಮ. ನೀನಿಲ್ದೆ ನಾನು ಮದುವೆ ಪುಸ್ತಕಕ್ಕೆ ಸಹಿ ಹಾಕಲ್ಲ. ಇನ್ನೊಂದೇ ಸಲ ದಿನ ಇಡ್ತೀನಿ. ಆಗಲೂ ನೀನು ಬಾಯ್ಲರ್‌ಗೆ ಜಾಗ ಬಿಟ್ಟುಕೊಟ್ರೆ, ಮದುವೆನೂ ಬೇಡ ಗಿದುವೆನೂ ಬೇಡ. ಇಷ್ಟು ವರ್ಷ ಒಬ್ಬಳೇ ಇದ್ದೆ, ಇನ್ನೂ ಇರ್ತೀನಿ."

"ಹಾಗನ್ನಬೇಡ್ವೇ."

"ಅಂದಾಯ್ತು!" ಫೋನು ಕುಕ್ಕಿದ ಸದ್ದು.

ಅಕ್ಕ ರಿಸೀವರ್ ಇಟ್ಟಳು. ಹಟದಲ್ಲಿ ತಂಗಿ ಅಕ್ಕನನ್ನೂ ಮೀರಿಸಿದವಳು, ಅಂದಂತೆ ಮಾಡುವವಳೇ. ಪಾಪ, ಕ್ಷೌರಿಕ ಮದುವೆಗೆಂದು ಎರಡು ಸಲ ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡು ಕೆಡಿಸಿಕೊಂಡಿದ್ದ.

ಮೂರನೇ ಸಲದ ದಿನ ಬಂತು. ಮಧ್ಯಾಹ್ನಕ್ಕೆ ಆಚೆ ಊರಿನ ಪುರಸಭೆಯಲ್ಲಿ ಮದುವೆ. ಅಕ್ಕ ಹೊಸ ನೀಲಿ ಕೋಟು ತೊಟ್ಟು, ಕೈಯಲ್ಲಿ ಕೇಕಿನ ಡಬ್ಬಿ ಹಿಡಿದು, ಅಷ್ಟು ಚೆನ್ನಾಗಿ ಕಾಣುತ್ತಿದ್ದಳು ಎಂದರೆ ಭಾವ ತನ್ನ ಬಂಡಿಯನ್ನು ಎರಡು ಸಲ ನಿಲ್ಲಿಸಿ ಕಿಟಕಿಯಲ್ಲಿ ಇಣುಕಿದ. ಓಡುದಾರಿ ಬಿಟ್ಟು ಬರುವ ಹಾಗಿರಲಿಲ್ಲ ಅವನು. ಕೇಕಿನಲ್ಲಿ ಒಂದು ತುಂಡು ತರಬೇಕೆಂಬುದಷ್ಟೇ ಅವನ ಬೇಡಿಕೆ.

ಆಗಲೇ ಹವಾಮಾನದವರು ರೇಡಿಯೋದಲ್ಲಿ ಹೇಳಿದರು: ಬೆಟ್ಟದ ಮೇಲೆ ಎದುರುಗಾಳಿ, ಜೋರು. ಎದುರುಗಾಳಿ ಎಂದರೆ ಊರು ದೂರವಾಯಿತು ಎಂದೇ ಅರ್ಥ. ದೂರ ಹೆಚ್ಚಿದರೆ ಎಂಜಿನ್ನಿಗೆ ಎಣ್ಣೆ ಹೆಚ್ಚು ಬೇಕು, ಎಣ್ಣೆ ಹೆಚ್ಚಿದರೆ ಜನ ಕಡಿಮೆಯಾಗಬೇಕು. ನಾನು ಹೇಳಿದ ಎಣ್ಣೆಯ ತೂಕವನ್ನು ಅಕ್ಕ ಹಲಗೆಯ ಮೇಲೆ ಬರೆದಳು. ಕೂಡಿಸಿದಳು. ಒರೆಸಿ ಮತ್ತೆ ಕೂಡಿಸಿದಳು. ಆಮೇಲೆ ನೀಲಿ ಕೋಟಿನ ಗುಂಡಿ ಬಿಚ್ಚತೊಡಗಿದಳು.

"ಅಕ್ಕಾ, ಏನು ಮಾಡ್ತಿದೀಯ?"

"ಜಾಸ್ತಿ ಆಗತ್ತೆ ಕಣೋ. ನಾನು ಇಳೀತೀನಿ. ಈ ಕೇಕು ಮಾತ್ರ ತಲುಪಿಸಿಬಿಡು."

ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಊರಿಗೆಲ್ಲ ಮದುವೆಯ ಕಥೆ ಗೊತ್ತು. "ನಾನು ನಾಳೆ ಹೋಗ್ತೀನಿ" ಎಂದರು ಮೇಷ್ಟ್ರು. ಆದರೆ ಆಚೆ ಊರಿನ ಮಕ್ಕಳ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಅವರ ಕಂಕುಳಲ್ಲೇ ಇತ್ತು. "ನಾನಿರ್ತೀನಿ ಬಿಡಮ್ಮ" ಎಂದಳು ಕಣ್ಣಿನ ಆಪರೇಷನ್ನಿಗೆ ಹೊರಟಿದ್ದ ಅಜ್ಜಿ. ಊರೂರು ತಿರುಗುವ ಹಲ್ಲಿನ ಡಾಕ್ಟರು ತಮ್ಮ ಉಪಕರಣದ ಪೆಟ್ಟಿಗೆಯನ್ನೇ ಬಿಟ್ಟು ಬರುತ್ತೇನೆಂದರು. ಬರಿಗೈಯಲ್ಲಿ ಹೋಗಿ ಯಾರ ಹಲ್ಲು ಕೀಳುತ್ತಾರೋ ದೇವರಿಗೇ ಗೊತ್ತು. ಅಕ್ಕ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಕೆಲಸದವರು ಮೊದಲು ಇಳೀಬೇಕು. ನಿಯಮ" ಎಂದಳು. ಅಷ್ಟರಲ್ಲಿ ಮೂರನೇ ಗುಂಡಿಗೆ ಬಂದಿದ್ದಳು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಂದು ಅಲ್ಲಿಂದಲೂ ಹಾರಿತು.

"ನಿಯಮ ಹಾಳಾಗ್ಲಿ! ಅಕ್ಕಾ, ಹತ್ತಿ ಕೂತ್ಕೋ. ಸ್ವಲ್ಪ ಜಾಸ್ತಿ ಆದ್ರೆ ಏನೀಗ? ಈ ಓಡುದಾರಿಯಲ್ಲಿ ಅರ್ಧ ದಾರಿಗೇ ವಿಮಾನ ಎತ್ತುವವನು ನಾನೊಬ್ಬನೇ. ಬೇರೆ ಕಡೆಯ ಪೈಲಟ್‌ಗಳು ಅವರವರ ಓಡುದಾರಿಯ ಕೊನೆವರೆಗೂ ಉಜ್ಜಿಕೊಂಡು ಹೋಗ್ತಾರೆ. ನನ್ನ ಕೈಯಲ್ಲಿ ಅದು ಹಕ್ಕಿ ಥರ ಏಳತ್ತೆ. ಇನ್ನೊಬ್ಬರು ಹೆಚ್ಚಾದ್ರೂ ಎತ್ತೇ ಎತ್ತೀನಿ."

ಇದು ನಾನು ವರ್ಷಗಟ್ಟಲೆ ಕೊಚ್ಚಿಕೊಂಡ ಜಂಬ. ಸುಳ್ಳೂ ಅಲ್ಲ. ನನ್ನ ವಿಮಾನ ಪುಸ್ತಕದಲ್ಲಿ ಬರೆದದ್ದಕ್ಕಿಂತ ಬಹಳ ಮೊದಲೇ ನೆಲ ಬಿಡುತ್ತಿತ್ತು. ಅದು ನನ್ನ ಕೈಗುಣ ಎಂದು ನಾನೂ ನಂಬಿದ್ದೆ, ಊರೂ ನಂಬಿತ್ತು.

ಅಕ್ಕನ ಮುಖ ಬಿಳಿಚಿತು. ಗುಂಡಿ ಬಿಟ್ಟು ನನ್ನ ತೋಳು ಹಿಡಿದಳು.

"ಲೋ, ಹಾಗೆಲ್ಲ ಮಾಡಬೇಡ್ವೋ! ಅದು ನಿನ್ನ ಕೈಯಿಂದ ಏಳೋದಲ್ಲ."

"ಮತ್ತೆ ಯಾರ ಕೈಯಿಂದ?"

ಅಕ್ಕ ನೆಲ ನೋಡಿದಳು. "ನನ್ನಿಂದ. ನಾನು ಎಲ್ಲರಿಗೂ ಒಂದೊಂದು ಕೋಟು ಸೇರಿಸ್ತೀನಿ."

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಪ್ರತಿಯೊಬ್ಬರೂ ಕೋಟು ತೊಟ್ಟೇ ಯಂತ್ರದ ಮೇಲೆ ನಿಲ್ಲುತ್ತಾರೆ, ಮುಳ್ಳು ಕೋಟಿನ ತೂಕವನ್ನೂ ಸೇರಿಸಿಯೇ ತೋರಿಸುತ್ತದೆ. ಅದರ ಮೇಲೆ ಅಕ್ಕ ಇನ್ನೊಂದು ದಪ್ಪ ಕೋಟು, ಒಂದು ಜೊತೆ ಬೂಟಿನ ತೂಕ ಸೇರಿಸಿ ಬರೆಯುತ್ತಿದ್ದಳು. ಯಾರಿಗೂ ಹೇಳದೆ, ಮೊದಲಿನಿಂದಲೂ.

"ತಂಗಿ ಮೊದಲನೇ ಸಲ ಹೊರಟ ದಿನ ನನಗೆ ಹೆದರಿಕೆ ಆಯ್ತು" ಎಂದಳು. "ಇಷ್ಟು ಚಿಕ್ಕ ವಿಮಾನ, ಅಷ್ಟು ದೊಡ್ಡ ಬೆಟ್ಟ. ಲೆಕ್ಕ ಎಲ್ಲಾದ್ರೂ ತಪ್ಪಿದ್ರೆ? ಅವಳ ಹೆಸರಿನ ಮುಂದೆ ಒಂದು ಕೋಟು ಜಾಸ್ತಿ ಬರೆದೆ. ಸುಖವಾಗಿ ಹೋದಳು. ಮಾರನೇ ದಿನ ಬೇರೆಯವರು ಬಂದು ನಿಂತ್ರು. ನನ್ನ ತಂಗಿಗೆ ಕೋಟು ಹಾಕಿ, ಬೇರೆಯವರ ಮಕ್ಕಳನ್ನ ಹಾಗೇ ಕಳಿಸೋದು ಹೇಗೆ ಹೇಳು? ಅವರಿಗೂ ಹಾಕಿದೆ. ಆಮೇಲೆ ಬಿಡೋಕೆ ಆಗಲೇ ಇಲ್ಲ."

ನಾನು ಬೆಪ್ಪಾಗಿ ನಿಂತಿದ್ದೆ. ಹಕ್ಕಿ ಥರ ಏಳುತ್ತಿದ್ದ ವಿಮಾನ, ನನ್ನ ಕೈಗುಣ, ಎಲ್ಲ ಒಂದು ಕ್ಷಣದಲ್ಲಿ ಪುಸ್ ಎಂದಿತ್ತು.

ಮೊದಲು ಬಾಯಿಬಿಟ್ಟದ್ದು ಅಜ್ಜಿ. "ಅಂದ್ರೆ, ತೂಕ ಜಾಸ್ತಿ ಅಂತ ನನ್ನ ಹೊಲಿಗೆ ಮಿಷನ್ನು ವಾರಗಟ್ಟಲೆ ಇಲ್ಲೇ ಕೂತಿತ್ತಲ್ಲ, ಅದು...?"

"ಹೂಂ ಅಜ್ಜಿ. ಕ್ಷಮಿಸಿಬಿಡಿ."

"ಹಾಗಾದ್ರೆ ನನಗೆ ಹೇಳಿದ ತೂಕ?" ಮೇಷ್ಟ್ರು ಕೂಗಿದರು. "ಅದರಲ್ಲೂ ಕೋಟು ಇತ್ತಾ? ಅಯ್ಯೋ ತಾಯಿ! ಮೂರು ವರ್ಷದಿಂದ ರಾತ್ರಿ ಬರೀ ಸೂಪು ಕುಡ್ಕೊಂಡು ಬಿದ್ದಿದೀನಲ್ಲ ನಾನು!"

ಅಷ್ಟೇ. ಹಲ್ಲಿನ ಡಾಕ್ಟರು ಮೊದಲು ನಕ್ಕರು, ಆಮೇಲೆ ಬೆಂಚಿಗೆ ಬೆಂಚೇ ನಕ್ಕಿತು. ಅಜ್ಜಿ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ಅಕ್ಕ ಮಾತ್ರ ಬೈಸಿಕೊಂಡ ಮಗುವಿನ ಹಾಗೆ ನಿಂತಿದ್ದಳು. ನನ್ನನ್ನು ಹೆದರಿಸಿ ತಡೆಯಲು ಹೇಳಿದ ಮಾತು ತನಗೇ ಬಾಗಿಲು ತೆರೆದಿದೆ ಎಂಬುದು ಅವಳಿಗಿನ್ನೂ ಹೊಳೆದಿರಲಿಲ್ಲ.

ನಾನು ಹಲಗೆ ಕಿತ್ತುಕೊಂಡೆ. "ಎಲ್ಲರೂ ಮತ್ತೆ ನಿಲ್ಲಿ. ಕೋಟು ತೆಗೆದು ತೂಗೋಣ. ಅಂದ್ರೆ ಮೈಮೇಲಿರೋ ಕೋಟಲ್ಲ, ಅಕ್ಕ ಹಾಕಿದ ಕೋಟು!"

ಒಬ್ಬೊಬ್ಬರಾಗಿ ನಿಂತರು. ಮುಳ್ಳು ಎಷ್ಟು ತೋರಿಸಿತೋ ಅಷ್ಟೇ ಬರೆದೆವು. ಕೊನೆಗೆ ಉಳಿದವಳು ಅಕ್ಕ.

"ನಾನು ನಿಲ್ಲಲ್ಲ. ನನ್ನ ತೂಕ ನನಗೆ ಗೊತ್ತು."

"ಅದರಲ್ಲಿ ಎಷ್ಟು ಕೋಟು ಇದೆ?"

ಅಕ್ಕ ಕೆಂಪಾದಳು. "ಎರಡು."

"ಎರಡ್ಯಾಕೆ?"

"ಹೊಸ ಕೋಟು ದಪ್ಪ ಇದೆಯಲ್ಲೋ."

ಆಗ ಎದ್ದ ನಗುವಿಗೆ ಹೊರಗಿದ್ದ ಭಾವ ಬಂಡಿ ನಿಲ್ಲಿಸಿ ಒಳಗೆ ಬಂದ. ವಿಷಯ ತಿಳಿಸಿದೆವು. ಅವನು ಹೆಂಡತಿಯ ಕೈ ಹಿಡಿದು ಯಂತ್ರದ ಮೇಲೆ ನಿಲ್ಲಿಸಿ, ನಮ್ಮನ್ನೆಲ್ಲ ಎದುರು ಗೋಡೆಯ ಕಡೆ ತಿರುಗಿ ನಿಲ್ಲುವಂತೆ ಸನ್ನೆ ಮಾಡಿ, ತಾನೊಬ್ಬನೇ ಮುಳ್ಳು ನೋಡಿದ.

"ಎಷ್ಟು?" ಅಕ್ಕ ಪಿಸುಗುಟ್ಟಿದಳು.

"ನಮ್ಮ ಮದುವೆ ದಿನ ಎಷ್ಟಿದ್ಯೋ ಅಷ್ಟೇ" ಎಂದ ಭಾವ. ಆಮೇಲೆ ನನ್ನ ಕಿವಿಯಲ್ಲಿ ನಿಜ ಹೇಳಿದ. ಆ ಸಂಖ್ಯೆಯನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ.

ಕೂಡಿಸಿದೆ. ಹೆಚ್ಚುವರಿ ಎಣ್ಣೆ, ಒಂಬತ್ತು ಸೀಟಿನ ಜನ, ಪೆಟ್ಟಿಗೆ, ಪ್ರಶ್ನೆಪತ್ರಿಕೆ, ಕೇಕು, ಎಲ್ಲ ಸೇರಿ ಮಿತಿಯ ಒಳಗೇ ಇತ್ತು. ಒಂದು ಕೋಟಿನಷ್ಟು ಜಾಗ ಮಿಕ್ಕಿತ್ತು ಕೂಡ. ಹಲಗೆಯನ್ನು ಅಕ್ಕನಿಗೇ ಕೊಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಸಾಲು ನೋಡಿದಳು, ನನ್ನ ಕೂಡಿಕೆಯ ಮೇಲೆ ಅವಳಿಗೆ ಎಂದೂ ನಂಬಿಕೆಯಿಲ್ಲ. ಕೊನೆಯ ಸಾಲಿಗೆ ಬಂದಾಗ ಕಣ್ಣು ತುಂಬಿದವು. ತೋಳಿನಿಂದ ಹಲಗೆ ಒರೆಸಿದಳು, ಅದೇ ತೋಳಿನಿಂದ ಕಣ್ಣೂ ಒರೆಸಿಕೊಂಡಳು. ಹೊಸ ನೀಲಿ ಕೋಟಿನ ತೋಳು ಬೆಳ್ಳಗಾಯಿತು, ಕೆನ್ನೆಯೂ.

ನನ್ನ ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡೆ. ಭಾವ ಬಂಡಿಯ ಮೇಲೆ ನಿಂತು ಟೋಪಿ ಬೀಸಿದ. ವಿಮಾನ ಅಂದು ಅರ್ಧ ದಾರಿಗೆ ಏಳಲಿಲ್ಲ. ಪುಸ್ತಕದಲ್ಲಿ ಹೇಳಿದ ಜಾಗಕ್ಕೇ ಸರಿಯಾಗಿ ಎದ್ದಿತು, ಬೇರೆ ಪೈಲಟ್‌ಗಳ ಹಾಗೆ. ಹಿಂದಿನಿಂದ ಮೇಷ್ಟ್ರು, "ಏನು ಸಾಹೇಬ್ರೇ, ಹಕ್ಕಿಗೆ ವಯಸ್ಸಾಯ್ತಾ?" ಎಂದರು. ನಾನು ಕೇಳಿಸದವನ ಹಾಗೆ ಕೂತೆ.

ಅಕ್ಕ ಕೇಕಿನ ಡಬ್ಬಿಯನ್ನು ಎದೆಗವಚಿಕೊಂಡಿದ್ದಳು. ಊರಿನ ಹೊಗೆಗೂಡುಗಳು ಚಿಕ್ಕದಾಗುವುದನ್ನು, ಮೀನಿನ ಕೊಟ್ಟಿಗೆ ಕಾಣದಾಗುವುದನ್ನು ಬಗ್ಗಿ ಬಗ್ಗಿ ನೋಡಿದಳು. ಗಾಳಿ ಎದುರಿನಿಂದ ಒದೆಯುತ್ತಿತ್ತು. ಬೆಟ್ಟಸಾಲು ಹತ್ತಿರ ಬಂತು, ಹಿಮದ ನೆತ್ತಿ ಕೆಳಗೆ ಜಾರಿತು, ಮತ್ತು ಅದರಾಚೆ ಇಳಿಜಾರಿನ ಬುಡದಲ್ಲಿ, ಕೆಂಪು ಸೂರಿನ ಮನೆಗಳ ಒಂದು ಪುಟ್ಟ ಊರು ಕಂಡಿತು. ಸುಮಾರು ದೂರವಿತ್ತು, ಆದರೆ ಬಿಸಿಲಿನಲ್ಲಿ ಸ್ಪಷ್ಟವಾಗಿತ್ತು.

"ಅದೇನಾ?" ಎಂದಳು.

"ಅದೇ."

"ಇಷ್ಟೇನಾ?"

ನಾನು ಹೂಂ ಎಂದೆ. ಅವಳು ನಗತೊಡಗಿದಳು. ಕಣ್ಣೀರು ಧಾರಾಳವಾಗಿ ಇಳಿಯುತ್ತಿತ್ತು, ನಗುವೂ ನಿಲ್ಲಲಿಲ್ಲ. "ಕೋಳಿಗಳು ನನ್ನ ಬಗ್ಗೆ ಏನಂದುಕೊಂಡಿರ್ತವೋ" ಎಂದಳು.

ಆಚೆ ಊರಿನ ಓಡುದಾರಿಯ ಅಂಚಿನಲ್ಲಿ ತಂಗಿ ನಿಂತಿದ್ದಳು, ತಾನೇ ಹೊಲಿದ ಉಡುಪಿನ ಮೇಲೆ ಶಾಲು ಹೊದ್ದು. ಪಕ್ಕದಲ್ಲಿ ಕ್ಷೌರಿಕ, ಈ ಸಲ ಟೋಪಿ ಹಾಕಿಕೊಂಡಿದ್ದ. ಬಾಗಿಲು ತೆರೆದು ಮೇಷ್ಟ್ರು ಇಳಿದರು, ಡಾಕ್ಟರು ಇಳಿದರು, ಒಬ್ಬೊಬ್ಬರಾಗಿ ಉಳಿದವರೂ ಇಳಿದರು. ತಂಗಿಯ ಮುಖ ಒಂದೊಂದು ತಲೆಗೂ ಬಾಡುತ್ತ ಹೋಯಿತು. ಕೊನೆಗೆ ನೀಲಿ ಕೋಟು ಮೆಟ್ಟಿಲ ಮೇಲೆ ಕಂಡಾಗ ಅವಳು ಓಡಿದ ಓಟಕ್ಕೆ ಶಾಲು ಎಲ್ಲಿ ಬಿತ್ತೋ. ಕೇಕಿನ ಡಬ್ಬಿಯನ್ನು ಕ್ಷೌರಿಕ ಹಿಡಿದುಕೊಂಡದ್ದರಿಂದ ಅದು ಉಳಿಯಿತು. ಮಧ್ಯಾಹ್ನ ಮೂವರೂ ಸಹಿ ಹಾಕಿದರು, ಅಕ್ಕ ಸಾಕ್ಷಿಯಾಗಿ.

ಮಾರನೇ ದಿನದಿಂದ ಅಕ್ಕ ಕೋಟು ಸೇರಿಸುವುದನ್ನು ನಿಲ್ಲಿಸಿದಳು. ಹಾಗೆಂದು ಒಲೆಯ ಮುಂದೆ ಎಲ್ಲರೆದುರು ಮಾತು ಕೊಟ್ಟಳು. ಅಜ್ಜಿಯ ಹೊಲಿಗೆ ಮಿಷನ್ನಿನಂಥ ಸಾಮಾನು ಈಗ ಕಾಯುವುದಿಲ್ಲ, ಮೇಷ್ಟ್ರು ಸೂಪು ಬಿಟ್ಟಿದ್ದಾರೆ. ಅಕ್ಕ ಆಚೆ ಊರಿಗೆ ಹೋಗಿ ಬರುತ್ತಾಳೆ, ಮನಸ್ಸು ಬಂದಾಗ. ನನ್ನ ವಿಮಾನ ದಿನವೂ ಪುಸ್ತಕ ಹೇಳಿದ ಜಾಗಕ್ಕೇ ಏಳುತ್ತದೆ, ನಾನೂ ಬಾಯಿ ಮುಚ್ಚಿಕೊಂಡು ಹಾರಿಸುತ್ತೇನೆ.

ಹಿಮ ಕರಗುವ ಹೊತ್ತಿಗೆ ತಂಗಿ ಮತ್ತು ಅವಳ ಕ್ಷೌರಿಕ ಅಕ್ಕನ ಮನೆಗೆ ಬಂದು ನಾಲ್ಕು ದಿನ ಇದ್ದರು. ಹೊರಡುವ ದಿನ ಅಕ್ಕ ಎಂದಿನಂತೆ ಎಲ್ಲರನ್ನೂ ತೂಗಿದಳು, ಮೊತ್ತವನ್ನು ನನ್ನ ಕಿವಿಯಲ್ಲಿ ಹೇಳಿದಳು, ಹಲಗೆ ಒರೆಸಿದಳು. ಆ ಮೊತ್ತಕ್ಕೆ ಹೆದರಿ ಒಂದು ಹಿಟ್ಟಿನ ಮೂಟೆ ಕೆಳಗಿಳಿಸಿ ಹೊರಟೆ. ಓಡುದಾರಿಯ ಅರ್ಧ ದಾಟಿರಲಿಲ್ಲ, ವಿಮಾನ ಚಂಗನೆ ಎದ್ದುಬಿಟ್ಟಿತು.

ನಾನು ಹಿಂದಿರುಗಿ ನೋಡಿದೆ. ತಂಗಿ ತೆಳ್ಳನೆಯ ಬೇಸಿಗೆಯ ಅಂಗಿಯಲ್ಲಿ, ಗಂಡನ ಭುಜಕ್ಕೆ ಒರಗಿ ಕೂತಿದ್ದಳು.

"ಏನಾಯ್ತಣ್ಣ?" ಎಂದಳು.

"ಏನಿಲ್ಲಮ್ಮ. ಚಳಿ ಆಗ್ತಿಲ್ಲ ತಾನೆ?"

"ಇಲ್ಲಪ್ಪ, ಬೆಚ್ಚಗಿದೀನಿ" ಎಂದಳು ತಂಗಿ.